ಪುಟ್ಟಸ್ವಾಮಿಯ ಮೇಜಿನ ದೀಪ

ಹೋದ ಭಾನುವಾರ ಮೈಸೂರಿನಿಂದ ನನ್ನಕ್ಕ ವೀಡಿಯೊ ಕಾಲಿಗೆ ಬಂದಳು. ಬಂದವಳೇ ಮೈಕು ಆನ್ ಮಾಡದೆ ಮಾತು ಶುರು ಮಾಡಿದಳು. ಬರ್ಕ್ಲಿಯಿಂದ ನನ್ನ ಮಗಳು "ದೊಡ್ಡಮ್ಮಾ, ಯು ಆರ್ ಆನ್ ಮ್ಯೂಟ್!" ಎಂದು ಕೂಗುತ್ತಲೇ ಇದ್ದಳು. ನಾನು ಮಾತ್ರ, "ಒಂದು ಕಿಲೋ ಸಾಕು ಕಣೇ ಅಕ್ಕ, ಹೋದ ಸಲದ ಚಟ್ನಿಪುಡಿಯೇ ಇನ್ನೂ ಇದೆ" ಎಂದು ಉತ್ತರ ಕೊಟ್ಟೆ. ಮಗಳು ಕಣ್ಣರಳಿಸಿದಳು. "ಅಮ್ಮ, ಹೌ ಡಿಡ್ ಯು ನೋ?"

ಹೇಗೆ ಗೊತ್ತಾಯಿತು? ಅಕ್ಕನ ತುಟಿ ನೋಡಿ. ಈ ವಿದ್ಯೆಯನ್ನು ನಾನು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಕಲಿಸಿದವನ ಹೆಸರು ಪುಟ್ಟಸ್ವಾಮಿ.

ಅವು ಡಾಟ್‌ಕಾಂ ವರ್ಷಗಳು. ಇಲ್ಲಿ ಅಮೆರಿಕದ ಮಿಲ್ಪಿಟಾಸ್‌ನಲ್ಲಿದ್ದ ನಮ್ಮ ಕಂಪನಿ ಹುಟ್ಟುಹಬ್ಬದ ಉಡುಗೊರೆಗಳನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತಿತ್ತು. ನಗಬೇಡಿ. ಆಗ ನಾಯಿಯ ಬಿಸ್ಕತ್ತಿನಿಂದ ಹಿಡಿದು ತೋಟದ ಮಣ್ಣಿನವರೆಗೆ ಎಲ್ಲವನ್ನೂ ಯಾರಾದರೊಬ್ಬರು ಹಾಗೆ ಮಾರುತ್ತಿದ್ದರು, ನಾವೆಲ್ಲ ಅದನ್ನು ಬಹಳ ಗಂಭೀರವಾಗಿ ನಂಬಿದ್ದೆವು. ಸೋಡಾ ಪುಕ್ಕಟೆ, ಕುರ್ಚಿಗಳು ಸಿಂಹಾಸನದಂಥವು, ಸಂಪಾದನೆ ಮಾತ್ರ ಇನ್ನೇನು ಬರಲಿತ್ತು. ಸರ್ವರುಗಳು ಎದ್ದಿವೆಯೋ ಮಲಗಿವೆಯೋ ನೋಡಿಕೊಳ್ಳುವ ಗುಂಪಿನಲ್ಲಿ ನಾನಿದ್ದೆ. ಅದೇ ಗುಂಪಿಗೆ ಹೊಸದಾಗಿ ಸೇರಿದವನು ಮಂಡ್ಯ ಕಡೆಯ ಪುಟ್ಟಸ್ವಾಮಿ. ಆಫೀಸಿನವರ ನಾಲಿಗೆಗೆ ಅವನು ಬರೀ 'ಪುಟ್'.

ಇಂಜಿನಿಯರಿಂಗ್ ಓದುವಾಗ ಬಂದ ಜ್ವರವೊಂದು ಅವನ ಎರಡೂ ಕಿವಿಗಳನ್ನು ಪೂರ್ತಿ ಕಸಿದುಕೊಂಡಿತ್ತು. ಅಷ್ಟು ಹೊತ್ತಿಗೆ ಮಾತು ಚೆನ್ನಾಗಿ ಬಂದಿತ್ತಾದ್ದರಿಂದ ಮಾತು ಉಳಿಯಿತು. ತನ್ನ ದನಿ ತನಗೇ ಕೇಳದ ಕಾರಣ ಗದ್ದೆಯ ಆಚೆ ಬದುವಿನಲ್ಲಿರುವವರನ್ನು ಕರೆಯುವ ಹಾಗೆ ಮಾತಾಡುತ್ತಿದ್ದ. ಎದುರಿನವರ ತುಟಿ ಓದುವುದರಲ್ಲಿ ನಿಪುಣ, ಆದರೆ ಕನ್ನಡದ ತುಟಿ. ಅಮೆರಿಕನ್ನರ ಇಂಗ್ಲಿಷು ಅವನಿಗೆ ಅರ್ಧಕ್ಕರ್ಧ ಸಿಗುತ್ತಿರಲಿಲ್ಲ. "ಇವರು ತುಟಿ ಬಿಚ್ಚಾದೇ ಇಲ್ಲ ಅಕ್ಕ, ಹಲ್ಲಲ್ಲೇ ಮಾತಾಡ್ತಾರೆ" ಎಂದು ದೂರುತ್ತಿದ್ದ.

ಹಾಗಾಗಿ ಮೀಟಿಂಗುಗಳಲ್ಲಿ ನಾನು ಅವನ ಎದುರು ಕೂರತೊಡಗಿದೆ. ಅವರಿವರು ಹೇಳಿದ್ದನ್ನು ದನಿಯಿಲ್ಲದೆ, ತುಟಿಯಲ್ಲಷ್ಟೇ ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸ. ಉತ್ತರವನ್ನು ಅವನು ಕೂಗಿಬಿಡುತ್ತಿದ್ದುದರಿಂದ, "ನೀನೂ ತುಟಿಯಲ್ಲೇ ಹೇಳು ಮಾರಾಯ" ಎಂದೆ. ನಾನು ಓದಲು ಕಲಿತದ್ದು ಹಾಗೆ. ನಮ್ಮ ಮ್ಯಾನೇಜರ್ ಲಿಂಡಾ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಮೀಟಿಂಗಿನಲ್ಲಿ ನಾನು ಪ್ರಾರ್ಥನೆ ಮಾಡಿಕೊಳ್ಳುತ್ತೇನೆಯೇ, ಅದಕ್ಕೆ ಬೇರೆ ಕೋಣೆ ಬೇಕೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದಳು.

ಈ ಏರ್ಪಾಟಿನಲ್ಲಿ ಅಪಾಯಗಳೂ ಇದ್ದವು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಒಮ್ಮೆ ಹೊಸ ಯಂತ್ರಗಳಿಗೆ ಬಜೆಟ್ ಇಲ್ಲ ಎಂದು ಲಿಂಡಾ ಹೇಳಿದಳು. ನಾನು ತುಟಿಯಲ್ಲಿ "ಬಜೆಟ್ ಇಲ್ವಂತೆ" ಎಂದೆ. ಪುಟ್ಟಸ್ವಾಮಿ ಮರುಕದಿಂದ ನನ್ನನ್ನು ನೋಡಿ, ಇಡೀ ಕೋಣೆಗೆ ಕೇಳುವಂತೆ, "ಮಜ್ಜಿಗೆ ನನ್ ಡಬ್ಬೀಲಿ ಅದೆ ಅಕ್ಕ, ಕೊಡ್ತೀನಿ" ಎಂದ.

ಅವನಿಗೆ ಕಷ್ಟ ಬಂದದ್ದು ಫೋನಿನಿಂದ. ಸರ್ವರು ಕೈಕೊಟ್ಟರೆ ನೋಡಿಕೊಳ್ಳುವ ಸರದಿ ವಾರಕ್ಕೊಬ್ಬರದು. ತೊಂದರೆಯಾದರೆ ಗ್ರಾಹಕರ ವಿಭಾಗದವರು ಸರದಿಯಲ್ಲಿದ್ದವರಿಗೆ ಫೋನು ಮಾಡುತ್ತಿದ್ದರು. ಫೋನು ಎತ್ತಲಾಗದವನನ್ನು ಈ ಕೆಲಸದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಮೇಲಿನವರು ಕೇಳತೊಡಗಿದರು. ಕೆಲಸ ಹೋದರೆ ವೀಸಾವೂ ಹೋದಂತೆ. ಲಿಂಡಾ ಒಳ್ಳೆಯವಳೇ, ಹೇಳುವಾಗ ಅವಳ ಮುಖವೂ ಬಾಡಿತ್ತು. ಆದರೆ ಆ ಮಾತನ್ನು ಅವನಿಗೆ ಮುಟ್ಟಿಸಬೇಕಾದ ತುಟಿ ನನ್ನದು. ಹೇಳಿದೆ. ಅವನು, "ಫೋನ್ ಯಾಕೆ ಬೇಕು ಅಕ್ಕ? ಕೆಟ್ಟೋಗಿರಾ ಸರ್ವರು ತಾನೇ ಯೋಳ್ಬೇಕು, ಕೆಟ್ಟಿದೀನಿ ಅಂತ" ಎಂದ.

ಹಾಗೆ ಶುರುವಾಯಿತು ನಮ್ಮ ಏಜೆಂಟಿನ ಕೆಲಸ. ಏಜೆಂಟ್ ಎಂದರೆ ಪ್ರತಿಯೊಂದು ಸರ್ವರಿನಲ್ಲೂ ಕೂರಿಸುವ ಒಂದು ಪುಟ್ಟ ಪ್ರೋಗ್ರಾಮು. ಅದು ಅಕ್ಕಪಕ್ಕದ ಸರ್ವರುಗಳನ್ನು ಆಗಾಗ 'ಇದ್ದೀಯಾ?' ಎಂದು ಕೇಳುತ್ತದೆ. ಉತ್ತರ ಬಂದರೆ ಸುಮ್ಮನಿರುತ್ತದೆ. ಬಾರದಿದ್ದರೆ ನಮಗೆ ಸುದ್ದಿ ಕಳಿಸುತ್ತದೆ. ಮನೆಯಲ್ಲಿದ್ದಾಗ ಆ ಸುದ್ದಿ ಗಡಗಡ ನಡುಗುವ ಪೇಜರಿಗೆ. ಆಫೀಸಿನಲ್ಲಿದ್ದಾಗ ಅವನ ಮೇಜಿನ ದೀಪಕ್ಕೆ. ಯಾರದೋ ಮನೆ ಮುಂದೆ ಹಳೇ ಸಾಮಾನು ಮಾರುತ್ತಿದ್ದಲ್ಲಿ ಕೊಂಡ ನೀಲಿ ಬುರುಡೆಯ ದೀಪ ಅದು. ಕಂಪ್ಯೂಟರಿನಿಂದ ಅದಕ್ಕೆ ತಂತಿ ಎಳೆದು, ಹತ್ತಿಸುವ ಸ್ವಿಚ್ಚನ್ನು ಅವನೇ ಕೂರಿಸಿದ. ಒಂದು ತಿಂಗಳು ನೋಡೋಣ ಎಂದಳು ಲಿಂಡಾ. ಫೋನಿನಲ್ಲಿ ನನ್ನಮ್ಮನಿಗೆ "ಏಜೆಂಟ್ ಹಾಕ್ತಾ ಇದೀವಿ" ಎಂದೆ. ಅಮ್ಮ, "ಕಮಿಷನ್ ಜಾಸ್ತಿ ಕೇಳ್ತಾರೆ, ಹುಷಾರು" ಎಂದರು.

ಮೊದಲ ವಾರವೇ ಮಾನ ಹೋಯಿತು. ದೀಪ ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಓಡಿ ಹೋಗಿ ನೋಡಿದರೆ ಸರ್ವರುಗಳೆಲ್ಲ ಕಲ್ಲುಗುಂಡಿನ ಹಾಗಿವೆ. ಯಾರೋ ದೀಪದ ಕೆಳಗೆ 'ಪುಟ್ಸ್ ಡಿಸ್ಕೋ' ಎಂದು ಚೀಟಿ ಅಂಟಿಸಿದರು. ಅದನ್ನು ಓದಿ ಅವನು ನಕ್ಕ. ಆಮೇಲೆ ಮಧ್ಯಾಹ್ನವಿಡೀ ಯಾರ ತುಟಿಯನ್ನೂ ನೋಡಲಿಲ್ಲ.

"ಬಿಟ್ಟುಬಿಡೋಣ ಕಣೋ, ಬೇರೆ ಏನಾದ್ರೂ ಮಾಡೋಣ" ಎಂದೆ.

"ನೀವು ಮಾತಾಡೋವಾಗ ಒಂದು ಮಾತು ತಪ್ಪೋದ್ರೆ ನೀವು ಸತ್ತೋದ್ರಿ ಅನ್ಕತೀನಾ? ಇನ್ನೊಂದ್ಸಲ ಕೇಳಲ್ವಾ? ಇದ್ಕೂ ಅದೇ ಕಲಿಸ್ಬೇಕು ಅಕ್ಕ."

ಅವನು ಹೇಳಿದ್ದು ಸರಿ. ಒಂದು ಸಲ ಉತ್ತರ ತಪ್ಪಿದ ಕೂಡಲೇ ನಮ್ಮ ಏಜೆಂಟು ಬಾಯಿ ಬಡಿದುಕೊಳ್ಳುತ್ತಿತ್ತು. ಮತ್ತೆ ಮತ್ತೆ ಕೇಳಿ, ಆಗಲೂ ಉತ್ತರ ಬಾರದಿದ್ದರೆ ಮಾತ್ರ ದೀಪ ಹತ್ತಿಸುವಂತೆ ತಿದ್ದಿದೆವು. ದೀಪ ತಣ್ಣಗಾಯಿತು. ಎಷ್ಟು ತಣ್ಣಗೆಂದರೆ, ಬಲ್ಬೇ ಸುಟ್ಟಿದೆಯೇನೋ ಎಂದು ನಾನು ದಿನಾ ಬೆಳಿಗ್ಗೆ ಕದ್ದು ಹತ್ತಿಸಿ ನೋಡುತ್ತಿದ್ದೆ.

ತಿಂಗಳು ಮುಗಿಯುತ್ತ ಬಂದಿತ್ತು. ಗಾಜಿನ ಗೋಡೆಯ ಕೋಣೆಯಲ್ಲಿ ಮೀಟಿಂಗು, ಲಿಂಡಾ ಏನೋ ವಿವರಿಸುತ್ತಿದ್ದಳು. ಪುಟ್ಟಸ್ವಾಮಿ ನನ್ನ ತುಟಿ ಬಿಟ್ಟು ನನ್ನ ತಲೆಯ ಹಿಂದಕ್ಕೆ ನೋಡಿದ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, "ಅಕ್ಕಾ, ದೀಪ ಹತ್ಕೊಂಡದೆ!" ಎಂದು ಕೂಗಿದ. ಕನ್ನಡ ಬಾರದವರೂ ಬೆಚ್ಚಿ ತಿರುಗಿದರು. ಗಾಜಿನಾಚೆ ಅವನ ಮೇಜಿನ ಮೇಲೆ ನೀಲಿ ಬೆಳಕು.

ಒಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ಅಂಗಡಿಯ ಪುಟ ತೆರೆದು, ಎಲ್ಲ ಸರಿಯಿದೆಯಲ್ಲ, ಮತ್ತೆ ಡಿಸ್ಕೋ ಎಂದ. ಪುಟ್ಟಸ್ವಾಮಿ ಆಗಲೇ ಹಿಂಬದಿಯ ಸರ್ವರ್ ಕೋಣೆಗೆ ಓಡಿದ್ದ. ಪುಟವೇನೋ ತೆರೆಯುತ್ತಿತ್ತು, ಆದರೆ ಆರ್ಡರುಗಳನ್ನು ಬರೆದಿಟ್ಟುಕೊಳ್ಳುವ ಸರ್ವರಿನ ಸಂಪರ್ಕವೇ ಕಡಿದಿತ್ತು. ಹೊಸ ಕೇಬಲ್ ಹಾಕಲು ಬಂದವರು ಗೊತ್ತಿಲ್ಲದೆ ನಮ್ಮದೊಂದನ್ನು ಎಳೆದುಬಿಟ್ಟಿದ್ದರು. ಅವನು ಅದನ್ನು ಹುಡುಕಿ ಸಿಕ್ಕಿಸಿದ. ಆಚೆ ದೀಪ ಆರಿತು. ಒಬ್ಬ ಗ್ರಾಹಕನೂ ಫೋನು ಮಾಡುವ ಮೊದಲೇ ಎಲ್ಲ ಮುಗಿದಿತ್ತು.

ಮತ್ತೆ ಬಂದು ಕೂತಾಗ ಲಿಂಡಾ ಅವನ ಮುಂದೆ ಬಗ್ಗಿ, ತುಟಿಗಳನ್ನು ನಿಧಾನವಾಗಿ ಅಗಲಿಸಿ, ಮುಂದಿನ ವಾರದ ಸರದಿ ನಿನ್ನದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಅಭ್ಯಾಸಬಲದಿಂದ ನನ್ನತ್ತ ತಿರುಗಿದ. ನಾನು ತುಟಿ ಬಿಗಿಹಿಡಿದು ಸುಮ್ಮನೆ ಕೂತೆ. ಅವನ ಮುಖ ಮೆಲ್ಲಗೆ ಅರಳಿತು. ಅವನಿಗೇ ಅರ್ಥವಾಗಿತ್ತು.

ಆ ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ಆಗಿನ ಎಷ್ಟೋ ಕಂಪನಿಗಳಂತೆ ಬಾಗಿಲು ಹಾಕಿತು, ಸಿಂಹಾಸನಗಳು ಹರಾಜಾದವು. ಪುಟ್ಟಸ್ವಾಮಿಗೆ ಬೇರೆ ಕಡೆ ಇದೇ ಕೆಲಸ ಸಿಕ್ಕಿತು. ಸಂದರ್ಶನಕ್ಕೆ ಏಜೆಂಟಿನ ಕಥೆಯೇ ಸಾಕಾಯಿತಂತೆ. ಮದುವೆಯಾದ, ಡ್ಯಾನ್‌ವಿಲ್‌ನಲ್ಲಿ ಮನೆ ಮಾಡಿದ. ಯುಗಾದಿ ಕಾರ್ಯಕ್ರಮಗಳಲ್ಲಿ ಸಿಗುತ್ತಿದ್ದೆವು, ಆಮೇಲೆ ಅದೂ ತಪ್ಪಿತು.

ಮೊನ್ನೆ ಅಕ್ಕನ ವೀಡಿಯೊ ಕಾಲ್ ಮುಗಿದ ಮೇಲೆ ಅವನಿಗೆ ಮೆಸೇಜು ಹಾಕಿದೆ. ಶನಿವಾರ ಹೋದೆ. ತಲೆ ನರೆತಿದೆ, ದನಿ ಮಾತ್ರ ಗದ್ದೆಯದೇ. ನಡುಮನೆಯಲ್ಲಿ ಕೂತು ಹಳೆಯದೆಲ್ಲ ಮಾತಾಡಿದೆವು, ತುಟಿಯಲ್ಲೇ. ಅಡುಗೆಮನೆಯಿಂದ ಅವನ ಹೆಂಡತಿ ರತ್ನ ಇಣುಕಿ, "ಏನಕ್ಕ, ಇಬ್ರೂ ಮಾತು ಬಿಟ್ಟಿದೀರಾ?" ಎಂದಳು. ಆಗ ಅವನು ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ.

"ಮುಂದಿನ್ ತಿಂಗ್ಳು ಇಲ್ಲಿ ಆಪರೇಷನ್ ಅಕ್ಕ. ಒಳಗೆ ಒಂದು ಮಿಷಿನ್ ಕೂರಿಸ್ತಾರೆ. ಪೂರ್ತಿ ಬರಾಕಿಲ್ಲ, ಒಸಿ ಒಸಿ ಕೇಳ್ಬೋದು ಅಂತಾರೆ ಡಾಕ್ಟ್ರು. ಇಷ್ಟ್ ವರ್ಷ ಹೆದ್ರಿಕೊಂಡಿದ್ದೆ. ಈಗ ಮಾಡ್ಸವ ಅಂತ."

ಮೊದಲು ಯಾರ ದನಿ ಕೇಳಬೇಕು ಅಂತಿದ್ದೀಯ ಎಂದು ತುಟಿಯಲ್ಲೇ ಕೇಳಿದೆ.

"ಮೊದ್ಲು ರತ್ನಂದು ಕೇಳ್ಬೇಕು. ಆಮೇಲೆ ನಮ್ ಮಗಳ್ದು. ಅದಾದ್ಮೇಲೆ ನಿಮ್ದು. ನಿಮ್ ದನಿ ಎಂಗದೆ ಅಂತ್ಲೇ ನಂಗೊತ್ತಿಲ್ವಲ್ಲ ಅಕ್ಕ! ಏನ್ ಮಾತಾಡ್ತೀರೋ, ಈಗ್ಲೇ ಯೋಚ್ನೆ ಮಾಡ್ಕಳಿ."

ಬಿಸಿಲಿಳಿಯುವ ಮೊದಲೇ ಹೊರಟೆ. ಫ್ರೀವೇ ಖಾಲಿಯಿತ್ತು, ಎರಡೂ ಬದಿಯ ಗುಡ್ಡಗಳು ಹಸಿರಾಗಿದ್ದವು. ಕಾರಿನ ಕಿಟಕಿಗಳನ್ನೆಲ್ಲ ಏರಿಸಿ, "ಪುಟ್ಟಸ್ವಾಮಿ" ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಸ್ವಲ್ಪ ಕೀರಲು ಅನ್ನಿಸಿತು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದೆ.