ಆಯಿಯ ಖರಖರ ರೇಡಿಯೊ

ಇವತ್ತು ಮಧ್ಯಾಹ್ನ ಮಗಳು ಅಟ್ಟದ ಮೇಲಿದ್ದ ಹಳೆಯ ರೇಡಿಯೊ ಇಳಿಸಿ ಹಚ್ಚಿದಳು. ಹಾಡಿಗಿಂತ ಮೊದಲು ಖರಖರ ಸದ್ದು ಬಂತು. ಆ ಸದ್ದಿಗೆ ನನ್ನ ಮೂಗಿಗೆ ಹಸಿ ಶ್ಯಾವಿಗೆಯ ವಾಸನೆ ಬಡಿಯಿತು.

ನೇಸರಗಿಯ ನಮ್ಮ ಮನೆಯ ಮಾಳಿಗೆ ಮೇಲೆ ಎರಡು ಬಿದಿರಿನ ನಡುವೆ ಏರಿಯಲ್ ತಂತಿ ಕಟ್ಟಿದ್ದರು. ಬೇಸಿಗೆಯಲ್ಲಿ ಅದರ ಕೆಳಗೇ ನಮ್ಮಾಯಿ, ಅಂದರೆ ಅಪ್ಪನ ಅವ್ವ, ವರ್ಷದ ಶ್ಯಾವಿಗೆ ಒಣಹಾಕುತ್ತಿದ್ದಳು. ಆಮೇಲೆ ಪಡಸಾಲೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೂರುತ್ತಿದ್ದಳು, ಹಾಡು ಕೇಳಲಿಕ್ಕಲ್ಲ. ದೂರ ಮುರಗೋಡದ ಕಡೆ ಮಿಂಚಿದರೂ ಹಾಡಿನ ನಡುವೆ ಖರಖರ ಎನ್ನುತ್ತಿತ್ತು.

"ಏಳ್ರಿ, ಮಳಿ ಹೊಂಟೈತಿ. ಶ್ಯಾವಿಗಿ ತಗೀರಿ."

ನಾವು ಮೊಮ್ಮಕ್ಕಳು ಏಣಿ ಹತ್ತುವಾಗ ನೆತ್ತಿಯ ಮೇಲೆ ಬಿಸಿಲೇ ಇರುತ್ತಿತ್ತು. ಮೋಡ ತಲೆ ಮೇಲೆ ಬಂದಾಗ ಖರಖರ ಹೋಗಿ ಒಂದೇ ಸಮನೆ ಸುಂಯ್ ಎನ್ನುತ್ತಿತ್ತು. ಆಗ ಆಯಿ ಸಿಡಿಲಿಗೆ ಹೆದರಿ ಏರಿಯಲ್ ಪಿನ್ನು ಕಿತ್ತುಬಿಡುತ್ತಿದ್ದಳು.

ಈ ಗದ್ದಲ ತಾಳದೆ ಕಾಕಾ ಒಂದು ಎಫ್‌ಎಂ ರೇಡಿಯೊ ತಂದರು.

"ಅವ್ವಾ, ಇದರಾಗ ಒಂದೀಟೂ ಸಪ್ಪಳ ಇಲ್ಲ ನೋಡು."

ನಿಜ, ಹಾಡು ತಿಳಿನೀರಿನ ಹಾಗಿತ್ತು. ಆಯಿಯೂ ತಲೆದೂಗಿದಳು. ಹಾಡು ಮುಗಿಯುವುದರೊಳಗೆ ಮಳೆ ಹೊಡೆದು, ಮಾಳಿಗೆ ಮೇಲಿನ ಶ್ಯಾವಿಗೆಯೆಲ್ಲ ಹಿಟ್ಟಿನ ಮುದ್ದೆಯಾಯಿತು. ಆಯಿ ಕಾಕಾನನ್ನು ಬೈಯಲಿಲ್ಲ. ಹೊಸ ರೇಡಿಯೊ ಕಡೆ ನೋಡಿ, "ಪಾಪ, ಇದಕ್ಕ ಹೊರಗಿನ ಖಬರನ ಇಲ್ಲ" ಎಂದಳು. ಮರುದಿನ ಹಳೆಯದು ಮತ್ತೆ ತನ್ನ ಜಾಗಕ್ಕೆ ಬಂತು.

"ಇದು ಕೆಟ್ಟೈತಿ ಅಪ್ಪಾ, ಬಂದ್ ಮಾಡ್ಲಿ?" ಖರಖರ ನಿಲ್ಲದ್ದು ನೋಡಿ ಮಗಳು ಕೇಳಿದಳು.

ಬ್ಯಾಡ ಅಂದೆ. ಅಂಗಳಕ್ಕೆ ಹೋಗಿ, ಸುಡುವ ಬಿಸಿಲಲ್ಲಿ ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದೆ.