ಅಧ್ಯಕ್ಷರ ನೆಲ, ಮಲ್-ಸುನ್ ಮಂಡಿ

ಬೆಳಗಿನ ಐದೂವರೆ. ಕೊರಿಯಾದ ಜೋಂಜು ಊರಿನ ಬೆಟ್ಟದಡಿಯಲ್ಲಿರುವ, ಈಗ ಸಂಗ್ರಹಾಲಯವಾಗಿರುವ ಹಳೆಯ ಅಧ್ಯಕ್ಷ ನಿವಾಸದ ಮಲಗುವ ಕೋಣೆಯಲ್ಲಿ ಪ್ಯೊ ಮಲ್-ಸುನ್ ಮಂಡಿಯೂರಿದ್ದಾರೆ. ಕೈಯಲ್ಲಿ ಬಟ್ಟೆಯ ಗಂಟು. ಅದರೊಳಗೆ ನೆನೆಸಿ ರುಬ್ಬಿದ ಸೋಯಾ ಕಾಳು, ಪೆರಿಲ್ಲಾ ಬೀಜದ ಎಣ್ಣೆ. ಹಳೆಯ ಪದ್ಧತಿಯಂತೆ ದಪ್ಪ ಕಾಗದ ಅಂಟಿಸಿದ ನೆಲಕ್ಕೆ, ಅದು ಹೊಳೆದು ಬಾಳಲೆಂದು, ಅದನ್ನು ಉಜ್ಜುತ್ತಾ ಒಳಗೋಡೆಯಿಂದ ಬಾಗಿಲಿನ ಕಡೆಗೆ ಹಿಂದಕ್ಕೆ ಸರಿಯುತ್ತಾರೆ. ನಾಲ್ಕು ಸಲ ಉಜ್ಜಿದರೆ ಒಮ್ಮೆ ನಿಲ್ಲುತ್ತಾರೆ. ಉಸ್ಸೆನ್ನುವುದಕ್ಕೂ ಉಸಿರು ಸಾಲದು.

ವಯಸ್ಸು ಅರವತ್ತೇಳು. ಹದಿಮೂರು ವರ್ಷದಿಂದ ಇದೇ ಕೆಲಸ. ಹನ್ನೊಂದು ಕೋಣೆ, ದಿನಕ್ಕೊಂದರ ಸರದಿ. ಒಂಬತ್ತಕ್ಕೆ ಪ್ರವಾಸಿಗರು ಬರುವ ಮುನ್ನ ಮಾಯವಾಗಬೇಕು; ಸಫಾಯಿಯವರು ಕಣ್ಣಿಗೆ ಬೀಳಕೂಡದೆಂಬುದು ಗುತ್ತಿಗೆ ಸಂಸ್ಥೆಯ ಕಟ್ಟಪ್ಪಣೆ. ಊಟ, ವಿಶ್ರಾಂತಿ ಎಲ್ಲ ಮೆಟ್ಟಿಲ ಕೆಳಗಿನ ಸಂದಿಯಲ್ಲಿ.

"ಒಂದಿನ ಮಾತ್ರ ಅಕ್ಕ ಅಧ್ಯಕ್ಷರ ಮನೆ ಅತಿಥಿ ಆಗಿದ್ಲು," ಜೊತೆಗಾರ್ತಿ ತಾಕ್ ಗಿಲ್-ಜಾ ಕಿಚಾಯಿಸುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವಾರ ಮಲ್-ಸುನ್ ಬಾಗಿಲಿನಿಂದ ಉಜ್ಜುತ್ತಾ ಒಳಕ್ಕೆ ಹೋಗಿಬಿಟ್ಟಿದ್ದರು. ಹಸಿ ನೆಲ ತುಳಿದರೆ ಹೆಜ್ಜೆ ಮೂಡುತ್ತದೆ. ಅಷ್ಟರಲ್ಲಿ ಜನ ಬಂದರು. ಮೂಲೆಯ ಮಡಿಕೆ ಪರದೆಯ ಹಿಂದೆ ಎರಡು ಗಂಟೆ ಕಾಲು ಮಡಚಿ ಕುಳಿತರು.

"ಗೈಡ್ ಹುಡುಗಿ ಬಾಗಿಲಲ್ಲಿ ನಿಂತು ಹೇಳ್ತಿದ್ಲು, ಈ ನೆಲ ಅಧ್ಯಕ್ಷರ ಕಾಲದಿಂದ ಹಾಗೇ ಉಳಿದಿದೆ ಅಂತ. ನಂಗೆ ಸೀನು ಬಂತು. ನುಂಗ್ಕೊಂಡೆ," ಎನ್ನುತ್ತಾರೆ ಮಲ್-ಸುನ್.

ಹಾಗೇ ಉಳಿಯಲು ನೆಲವೇನು ಕಲ್ಲುಬಂಡೆಯೇ? ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅಧ್ಯಕ್ಷರ ಹಲ್ಲುಜ್ಜುವ ಬ್ರಷ್ಷಿಗೂ ಒಂದು ಚೀಟಿ ಇದೆ. ನೆಲ ಉಜ್ಜಿದವರ ಹೆಸರು ಎಲ್ಲೂ ಇಲ್ಲ.

ಈಗ ಗುತ್ತಿಗೆ ಸಂಸ್ಥೆ, ಕೆಲಸ ಬೇಗ ಮುಗಿಯಲೆಂದು, ಎಲ್ಲ ಕೋಣೆಗೂ ವಾರ್ನಿಷ್ ಬಳಿಯಲು ಹೊರಟಿದೆ. ಹೋದ ವರ್ಷ ಓದುಕೋಣೆಗೆ ಬಳಿದು, ತೇವ ಹೊರಹೋಗಲು ದಾರಿಯಿಲ್ಲದೆ ಮಳೆಗಾಲ ಮುಗಿಯುವಷ್ಟರಲ್ಲಿ ಕಾಗದದಡಿ ಬೂಷ್ಟು ಹಿಡಿಸಿದ್ದಾರೆ. ಹಾಗಾಗಿ ಈ ಸಲ ಸಂಗ್ರಹಾಲಯದವರ ಅನುಮತಿ ಪಡೆಯಲು ಮರುಕ ಹುಟ್ಟಿಸುವ ಕಾರಣ ಬೇಕಿದೆ. ಊಟದ ಹೊತ್ತಿಗೆ ಸಂಸ್ಥೆಯ ಮೇಲ್ವಿಚಾರಕ ಮಾ ಎಂಬವನು ಮೆಟ್ಟಿಲ ಕೆಳಗೆ ಬಗ್ಗಿ ಒಂದು ಹಾಳೆ ಚಾಚುತ್ತಾನೆ. ಮಂಡಿನೋವಿನ ಕಾರಣ ವಾರ್ನಿಷ್ ಹಾಕಿಸಬೇಕೆಂದು ಮಲ್-ಸುನ್ ಅವರೇ ಕೋರಿದಂತೆ ಅದರಲ್ಲಿ ಅಚ್ಚಾಗಿದೆ.

"ನಿಮ್ಮ ಒಳ್ಳೇದಕ್ಕೇ ಅಮ್ಮಾ. ನಿಂತ್ಕೊಂಡೇ ಒರೆಸಬಹುದು. ಇನ್ನೆರಡು ವರ್ಷ ಕೆಲಸ ಗಟ್ಟಿ."

"ಹದಿಮೂರು ವರ್ಷ ಕಾಣದ ಮಂಡಿ ಈಗ ಕಂಡ್ತಾ, ಮಾ ಅವರೇ?"

"ಸಹಿ ಇಲ್ದಿದ್ರೆ ತಿಂಗಳ ಕೊನೆಗೆ ಗುತ್ತಿಗೆ ಮುಗೀತದೆ. ಆಮೇಲೆ ನನ್ನ ಅನ್ಬೇಡಿ."

ಅವನು ಹೋದ ಮೇಲೆ ಗಿಲ್-ಜಾ ಪೆನ್ನು ಹುಡುಕಿ ಕೊಡುತ್ತಾರೆ. "ಹಾಕಿಬಿಡು ಅಕ್ಕಾ. ಆ ನೆಲ ಏನ್ ನಿಮ್ಮಪ್ಪಂದಾ?"

ಮಲ್-ಸುನ್ ಎರಡು ತುತ್ತು ಅನ್ನ ನಿಧಾನಕ್ಕೆ ಅಗಿಯುತ್ತಾರೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಂಟುವ ಊಟದ ಮಣೆಯ ಕಾಲಡಿ ಸಿಗಿಸುತ್ತಾರೆ.

"ನೋವಿರೋದು ನಿಜ. ಆಪರೇಷನ್ ಆಗ್ಬೇಕು ಅಂದಿದ್ದಾರೆ, ಇನ್ಮೇಲೆ ಪುರುಸೊತ್ತೂ ಸಿಗ್ತದೆ. ಆದ್ರೆ ಆ ನೆಲ ಹಾಳು ಮಾಡೋಕೆ ನನ್ನ ಮಂಡೀನ ಸಾಕ್ಷಿಗೆ ಕರೆದ್ರೆ, ಅದು ಬರೋದಿಲ್ಲ."