ಮೈಗೆ ಹಾಕಬಾರದ ಪ್ರೋಟೀನು

ಆ ಬೇಸಿಗೆಯಲ್ಲಿ ನಾನು ಶಿವಮೊಗ್ಗದ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ಕೆಲಸಕ್ಕೆ ಬೇಕಾಗಿದ್ದದ್ದು ಮನುಷ್ಯನ ಒಂದು ಪ್ರೋಟೀನು, ಮೂಳೆಯೊಳಗೆ ಹೊಸ ರಕ್ತಕಣ ಹುಟ್ಟಿಸುವಂಥದ್ದು. ಅದನ್ನು ಯಾರ ಮೈಯಿಂದಲೂ ತೆಗೆಯುವುದಿಲ್ಲ. ಮನುಷ್ಯನ ಜೀನನ್ನು ಪ್ರಾಣಿಯ ಜೀವಕೋಶಗಳಿಗೆ ಸೇರಿಸಿ, ಅವುಗಳಿಂದಲೇ ಮಾಡಿಸಿ, ಸೋಸಿ, ಕಿರುಬೆರಳಿನಷ್ಟು ಸೀಸೆಗೆ ತುಂಬುತ್ತಾರೆ. ಬೆಂಗಳೂರಿನ ಪರಿಚಯದ ಲ್ಯಾಬೊಂದು ಅಂಥ ಒಂದು ಸೀಸೆ ಕೊಟ್ಟಿತ್ತು. ಅದನ್ನು ಐಸ್ ತುಂಬಿದ ಥರ್ಮೊಕೋಲ್ ಡಬ್ಬಿಯಲ್ಲಿಟ್ಟುಕೊಂಡು ಬೆಳಗಿನ ರೈಲು ಹತ್ತಿದ್ದೆ. ಎರಡು ಸ್ಟೇಷನ್ನಿಗೊಮ್ಮೆ ಮುಚ್ಚಳ ಮುಟ್ಟಿ ನೋಡುತ್ತಿದ್ದೆ.

ಕಡೂರು ಹತ್ತಿರ ಬಂದಾಗ ಅಜ್ಜಂಪುರದಿಂದ ದೊಡ್ಡಪ್ಪನ ಫೋನ್ ಬಂತು. ದೊಡ್ಡಮ್ಮನಿಗೆ ಕಿಡ್ನಿ ಕಾಯಿಲೆ. ರಕ್ತ ಕಡಿಮೆಯಾಗದಿರಲು ವಾರಕ್ಕೊಂದು ಇಂಜೆಕ್ಷನ್ ಬೇಕಿತ್ತು. ಎರಡು ವಾರದಿಂದ ಅದು ಅಜ್ಜಂಪುರದಲ್ಲಿ ಸಿಕ್ಕಿರಲಿಲ್ಲ, ಕಡೂರಿಗೆ ಹೋಗಿ ಕೇಳಿದರೂ ಇರಲಿಲ್ಲ. ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿದು ಕೂತುಬಿಡುತ್ತಾಳೆ ಎಂದರು. ಹೈಸ್ಕೂಲಿನ ಮೂರು ವರ್ಷ ನನಗೆ ಜಡೆ ಹಾಕಿ ಕಳಿಸಿದವಳು ಆಕೆ. ನಾನು ಬೀರೂರಿನಲ್ಲೇ ಇಳಿದು ಅಜ್ಜಂಪುರದ ಬಸ್ ಹಿಡಿದೆ.

ದೊಡ್ಡಪ್ಪ ಟೈಲರ್. ಮುಂದಿನ ಕೋಣೆಯೇ ಅವರ ಅಂಗಡಿ. ಒಳಗೆ ಮಂಚದ ಮೇಲೆ ದೊಡ್ಡಮ್ಮ ಮಲಗಿದ್ದಳು, ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಡಬ್ಬಿಯಲ್ಲಿ ಐಸ್ ಮುಕ್ಕಾಲು ನೀರಾಗಿತ್ತು. ಸೀಸೆಯನ್ನು ಫ್ರಿಜ್ಜಿಗೆ ಇಡಲು ಹೋದಾಗ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಅದರ ಚೀಟಿ ಓದಿದರು. ಆಮೇಲೆ ಹಳೆಯ ಇಂಜೆಕ್ಷನ್ನಿನ ಖಾಲಿ ಪೆಟ್ಟಿಗೆ ತಂದು ಎರಡನ್ನೂ ಹೊಲಿಗೆ ಮಿಷನ್ನಿನ ಮೇಲೆ ಪಕ್ಕಪಕ್ಕ ಇಟ್ಟರು.

"ಹೆಸರು ಒಂದೇ ಐತಲ್ಲ ಕಣಮ್ಮ."

ಹೆಸರು ಒಂದೇ, ಆದರೆ ಇದು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಿಗೆ ಹಾಕುವುದು ಎಂದೆ. ಮೈಗೆ ಚುಚ್ಚುವಷ್ಟು ಶುದ್ಧವಾಗಿದೆಯೇ ಎಂದು ಯಾರೂ ಪರೀಕ್ಷೆ ಮಾಡಿರುವುದಿಲ್ಲ, ಏನಾದರೂ ಸೇರಿಕೊಂಡಿದ್ದರೆ ಜ್ವರ ಏರಿ ಜೀವಕ್ಕೇ ಕುತ್ತು ಎಂದೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮನುಷ್ಯಂದೇ ಅಂತೀಯ. ಮನುಷ್ಯರಿಗೆ ಆಗಲ್ಲ ಅಂತೀಯ," ಎಂದರು.

ನಾನು ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟು ಒಂದೊಂದೇ ಔಷಧಿ ಅಂಗಡಿಗೆ ಫೋನ್ ಮಾಡತೊಡಗಿದೆ. ಕಡೆಗೆ ತರೀಕೆರೆಯ ಒಂದು ಅಂಗಡಿಯವರು ಎರಡು ಇಂಜೆಕ್ಷನ್ ಇದೆ, ಬೇಗ ಬನ್ನಿ ಎಂದರು. ಇಂಜೆಕ್ಷನ್ ತಣ್ಣಗಿಟ್ಟು ತರಲು ಉಳಿದ ಐಸ್ ಸಮೇತ ಡಬ್ಬಿ ಎತ್ತಿಕೊಂಡು ಓಡಿದೆ.

ಬಸ್ ಊರು ಬಿಟ್ಟ ಮೇಲೆ ನೆನಪಾಯಿತು: ಇಂಜೆಕ್ಷನ್ ಕೊಡುವ ನರ್ಸ್ ಪಕ್ಕದ ಬೀದಿಯಲ್ಲೇ ಇದ್ದರು. ಸೀಸೆಯೂ ಸಿರಿಂಜೂ ಮನೆಯಲ್ಲೇ ಇದ್ದವು. ಫೋನ್ ಮಾಡಿದರೆ ದೊಡ್ಡಪ್ಪ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಸೀಟಿನಲ್ಲಿ ಕೂರಲಾಗದೆ ಎದ್ದು ಬಾಗಿಲ ಬಳಿ ನಿಂತೆ. ಕಂಡಕ್ಟರ್ ಇನ್ನೂ ದೂರವಿದೆ, ಕೂತ್ಕೊಳ್ಳಿ ಎಂದರು. ತರೀಕೆರೆಯಲ್ಲಿ ಔಷಧಿ ತೆಗೆದುಕೊಂಡದ್ದು, ವಾಪಸ್ ಬಸ್ ಹತ್ತಿದ್ದು ಇವತ್ತಿಗೂ ಸರಿಯಾಗಿ ನೆನಪಿಲ್ಲ. ಹತ್ತು ಸಲವಾದರೂ ಫೋನ್ ಮಾಡಿರಬೇಕು.

ಮನೆಯ ಮುಂದೆ ನರ್ಸ್ ಅವರ ಸ್ಕೂಟರ್ ನಿಂತಿತ್ತು. ಚಪ್ಪಲಿ ಬಿಡದೆ ಒಳಗೆ ನುಗ್ಗಿ ಫ್ರಿಜ್ ತೆಗೆದೆ. ಸೀಸೆ ಇರಲಿಲ್ಲ. ಮಂಚದ ಹತ್ತಿರ ನರ್ಸ್ ದೊಡ್ಡಮ್ಮನ ಬಿ.ಪಿ. ನೋಡುತ್ತಿದ್ದರು. ನೀವು ತರ್ತೀರಂತಲ್ಲ, ಅದಕ್ಕೇ ಕಾಯ್ತಿದ್ದೆ ಎಂದರು. ದೊಡ್ಡಪ್ಪ ಹಿತ್ತಿಲ ಬಾಗಿಲಲ್ಲಿ ಕೂತಿದ್ದರು. ಅಂಗಿಯ ಜೇಬಿನಿಂದ ಸೀಸೆ ತೆಗೆದು ನನ್ನ ಕೈಗೆ ಕೊಟ್ಟರು. ಅದು ಅವರ ಮೈಯಷ್ಟೇ ಬೆಚ್ಚಗಿತ್ತು.

"ಎರಡು ಸಲ ಸಿಸ್ಟರ್ ಹತ್ರ ಹೋದೆ ಕಣಮ್ಮ. ತೋರ್ಸಕ್ಕೆ ಆಗ್ಲಿಲ್ಲ. ನೀನು ಹೇಳಿದ್ದು ನಿಜ ಆಗಿದ್ರೆ?"

ಒಳಗಿನಿಂದ ದೊಡ್ಡಮ್ಮ ಯಾರು ಬಂದದ್ದು ಎಂದು ಕೇಳಿದಳು. ನರ್ಸ್ ತರೀಕೆರೆಯ ಇಂಜೆಕ್ಷನ್ ಕೊಟ್ಟರು. ಅದರಿಂದ ಒಂದೇ ದಿನಕ್ಕೆ ಏನೂ ಬದಲಾಗುವುದಿಲ್ಲ. ಮುಂದಿನ ವಾರಗಳಲ್ಲಿ ಕಡೂರಿಗೂ ಔಷಧಿ ಬಂತು. ತಿಂಗಳಾದ ಮೇಲೆ ಆಕೆ ತಾನೇ ಎದ್ದು ಒಲೆ ಹಚ್ಚುತ್ತಿದ್ದಾಳೆಂದು ದೊಡ್ಡಪ್ಪ ತಿಳಿಸಿದರು.

ಬಿಸಿಯಾದ ಪ್ರೋಟೀನನ್ನು ನಂಬಿ ಪ್ರಯೋಗ ಮಾಡುವಂತಿರಲಿಲ್ಲ. ದಾರಿಯಲ್ಲಿ ಐಸ್ ಕರಗಿತು ಎಂದಷ್ಟೇ ನಮ್ಮ ಗೈಡಿಗೆ ಹೇಳಿದೆ. ಅವರು ಬೈಯಲಿಲ್ಲ. ಸೀಸೆಯನ್ನು ಎಸೆದು ಹೊಸದಕ್ಕೆ ಬರೆದರು, ನನ್ನ ಕೆಲಸ ಮಳೆಗಾಲದವರೆಗೆ ನಿಂತಿತು. ಒಮ್ಮೆ ದೊಡ್ಡಪ್ಪ, ನಿನ್ನ ಔಷಧಿಗೆ ಏನೂ ಆಗ್ಲಿಲ್ಲ ತಾನೆ ಎಂದು ವಿಚಾರಿಸಿದರು. ಇಲ್ಲ ಎಂದೆ. ಅವರಿಗೂ ಸುಳ್ಳು, ಗೈಡಿಗೂ ಅರ್ಧ ಸುಳ್ಳು. ಇವೆರಡಕ್ಕಿಂತ ಹೆಚ್ಚಾಗಿ ಕಾಡುವುದು, ಆ ಸೀಸೆಯನ್ನು ದೊಡ್ಡಪ್ಪನ ಕೈಗೆಟುಕುವಂತೆ ಬಿಟ್ಟುಹೋಗುವಾಗ ನಾನು ಒಂದು ಗಳಿಗೆಯೂ ಅವರ ಬಗ್ಗೆ ಯೋಚಿಸಲಿಲ್ಲ ಎಂಬುದು.